ವಂಶಾವಳಿ ಶೋಧ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಮನೆತನದ ಹಿಂದಿನ ತಲೆಮಾರುಗಳನ್ನು ಹುಡುಕುವವರಿಗೆ ಮುಖ್ಯ ಆಧಾರಗಳು ನಾಲ್ಕು: ಹೆಳವರ ಹೊತ್ತಿಗೆ, ಕಂದಾಯ ಇಲಾಖೆಯ ಜಮೀನು ಕಾಗದ, ಶಾಲೆಯ ದಾಖಲಾತಿ ಪುಸ್ತಕ ಮತ್ತು ಚರ್ಚಿನ ರಿಜಿಸ್ಟರು. ಇವುಗಳಲ್ಲಿ ವಂಶವನ್ನು ಉಳಿಸಬೇಕೆಂದೇ ಬರೆದದ್ದು ಹೆಳವರ ಹೊತ್ತಿಗೆ ಮಾತ್ರ. ಉಳಿದವು ಕಂದಾಯಕ್ಕೆ, ಹಾಜರಿಗೆ, ಸಂಸ್ಕಾರಕ್ಕೆ ಹುಟ್ಟಿಕೊಂಡವು. ಮುತ್ತಜ್ಜನ ಹೆಸರು ಅವುಗಳಲ್ಲಿ ಸಿಕ್ಕರೆ ಅದು ಬೇರೆ ಯಾವುದೋ ಲೆಕ್ಕದ ನಡುವೆ ಸಿಕ್ಕಿದ್ದು.

ಜನಗಣತಿಯಿಂದ ಈ ಕೆಲಸ ಆಗುವುದಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ 1881ರಿಂದ ಗಣತಿ ನಡೆದಿದ್ದರೂ ಓದುಗರ ಕೈಗೆ ಸಿಗುವುದು ಒಟ್ಟು ಸಂಖ್ಯೆಗಳು; ಮನೆಮನೆಯ ಹೆಸರುಪಟ್ಟಿಯಲ್ಲ. ಐರ್ಲೆಂಡಿನಲ್ಲೂ ಇಂಥದೇ ಕೊರತೆ ಇದೆ. 1922ರಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟು ಹಳೆಯ ಗಣತಿಗಳು ಬಹುಪಾಲು ನಾಶವಾದವು. ಅಲ್ಲಿನ ಜನ ಅಂದಿನಿಂದ ಚರ್ಚಿನ ಪುಸ್ತಕ, ಶಾಲೆಯ ರಿಜಿಸ್ಟರು ಮತ್ತು 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಭೂಮೌಲ್ಯಮಾಪನದ ಮೊರೆಹೋದರು. ರಾಯಚೂರು ಸೀಮೆಯ ಹುಡುಕಾಟವೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ಸಾಗುತ್ತದೆ.

ಹೆಳವರು

ಉತ್ತರ ಕರ್ನಾಟಕದ ಹೆಳವರು ಎತ್ತಿನೊಡನೆ ಊರೂರು ಸುತ್ತಿ ಒಕ್ಕಲು ಮನೆಗಳ ವಂಶಾವಳಿ ಓದುವವರು. ಯಾವ ಮನೆತನ ಯಾರ ಪಾಲಿನದು ಎಂಬುದು ಅವರವರಲ್ಲೇ ಹಂಚಿಹೋಗಿರುತ್ತದೆ. ತಂದೆಯ ಪಾಲು ಮಗನಿಗೆ ಬರುತ್ತದೆ. ಸುಗ್ಗಿ ಮುಗಿದ ಮೇಲೆ ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಕೂತು ಮೂಲಪುರುಷನಿಂದ ಮೊದಲುಮಾಡಿ ಇಂಥವನಿಗೆ ಇಷ್ಟು ಮಕ್ಕಳು, ಅವರಲ್ಲಿ ಇಂಥವನು ಬರಗಾಲದಲ್ಲಿ ಇಂಥ ಊರಿಗೆ ಹೋದ ಎಂದು ರಾಗವಾಗಿ ಹೇಳುತ್ತಾರೆ. ಕೊನೆಯಲ್ಲಿ ಹಿಂದಿನ ಭೇಟಿಯ ನಂತರ ಹುಟ್ಟಿದವರ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ಪಾತ್ರೆ, ಅನುಕೂಲ ಇದ್ದವರ ಮನೆಯಲ್ಲಿ ದನ ಅವರಿಗೆ ಸಲ್ಲುವ ಕಾಣಿಕೆ. ಮನೆತನ ಮೊದಲು ಎಲ್ಲಿತ್ತು ಎಂಬ ಪ್ರಶ್ನೆಗೆ ಕಚೇರಿಯ ಕಾಗದ ಉತ್ತರ ಕೊಡುವುದು ಅಪರೂಪ, ಹೆಳವರು ಕೊಡಬಲ್ಲರು. ಆದರೆ ಅವರ ಹೊತ್ತಿಗೆ ಗಂಡುಸಂತಾನದ ಸರಣಿ ಹಿಡಿದು ನಡೆಯುವಂಥದು.

ಜಮೀನು ಕಾಗದ

ಈ ಸೀಮೆಯ ಆಡಳಿತ ಪದೇಪದೇ ಕೈಬದಲಾಯಿಸಿದೆ. ನಿಜಾಮರ ಕೈಯಲ್ಲಿದ್ದ ರಾಯಚೂರು ದೋಆಬ್ 1853ರಲ್ಲಿ ಬ್ರಿಟಿಷರ ವಶಕ್ಕೆ ಹೋಗಿ 1860ರಲ್ಲಿ ಮರಳಿತು. ಲಿಂಗಸುಗೂರು ಒಂದು ಕಾಲಕ್ಕೆ ದಂಡಿನ ಠಾಣ್ಯ, ಜೊತೆಗೆ ಜಿಲ್ಲಾ ಕೇಂದ್ರ. 1905ರಲ್ಲಿ ಆ ಜಿಲ್ಲೆ ರದ್ದಾಗಿ ಸಿಂಧನೂರು, ಲಿಂಗಸುಗೂರು ಎರಡೂ ರಾಯಚೂರಿಗೆ ಸೇರಿದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಸ್ಕಿ ತಾಲ್ಲೂಕಾದದ್ದು ತೀರ ಈಚೆಗೆ. ಹೀಗಾಗಿ ಮಸ್ಕಿ ತಾಲ್ಲೂಕಿನವರ ಅಜ್ಜಂದಿರ ಕಾಗದಕ್ಕೆ ಮೊದಲು ಹಳ್ಳಿ ಆಗ ಯಾವ ತಾಲ್ಲೂಕಿನಲ್ಲಿತ್ತು ಎಂದು ತಿಳಿಯಬೇಕು.

ಹುಡುಕುವವರು ಇಂದಿನ ಪಹಣಿಯಿಂದ ಹಿಂದಕ್ಕೆ ನಡೆಯುತ್ತಾರೆ. ಪಹಣಿಯಲ್ಲಿರುವ ಮ್ಯುಟೇಷನ್ ಸಂಖ್ಯೆ ಹಿಡಿದರೆ ಪೌತಿ ಖಾತೆಯ ಅಥವಾ ಅಣ್ಣತಮ್ಮಂದಿರ ಪಾಲಿನ ವಿವರ ಸಿಗುತ್ತದೆ. ಅಲ್ಲಿಂದ ಕೈಬರಹದ ಪಹಣಿಗಳು, ಅವುಗಳ ಹಿಂದೆ 1954–55ರ ಖಾಸ್ರಾ ಪಹಣಿ. ಪಟ್ಟೇದಾರ ಯಾರು, ಸಾಗುವಳಿ ಯಾರದು ಎಂದು ಹೇಳುವ ಆ ದಾಖಲೆ ಹಳೆಯ ಹೈದರಾಬಾದ್ ಪ್ರದೇಶದ ಜಮೀನು ವ್ಯಾಜ್ಯಗಳಲ್ಲಿ ಇಂದಿಗೂ ತೂಕದ್ದು. ಅದಕ್ಕೂ ಹಿಂದಿನದು ಸರ್ವೆ ಕಾಲದ ಜಮೀನು ಪಟ್ಟಿಯಾದ ಸೇತ್ವಾರ್. ಇನಾಮು ಜಮೀನಾಗಿದ್ದರೆ ಇನಾಮುದಾರ ಸತ್ತಾಗ ನಡೆದ ವಿರಾಸತ್ ವಿಚಾರಣೆಯೂ ಇರುತ್ತದೆ. ಹಕ್ಕುದಾರರು ಯಾರು ಎಂದು ಸ್ಥಾಪಿಸಲೆಂದೇ ನಡೆಯುತ್ತಿದ್ದ ವಿಚಾರಣೆಯಾದ್ದರಿಂದ ವಂಶಶೋಧಕರಿಗೆ ಅದು ದೊಡ್ಡ ನಿಧಿ.

ನಿಜಾಮರ ಕಾಲದ ಈ ಕಾಗದಗಳ ಆಡಳಿತ ಭಾಷೆ ಮೊದಲು ಪಾರ್ಸಿ, 1880ರ ದಶಕದಿಂದ ಉರ್ದು. ವರ್ಷ ಫಸಲಿ ಎಂಬ ಕಂದಾಯ ಶಕೆಯಲ್ಲಿರುತ್ತದೆ. ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಬರುತ್ತದೆ: ಫಸಲಿ 1340 ಎಂದರೆ 1930ರ ಅಕ್ಟೋಬರಿನಿಂದ ಮುಂದಿನ ಹನ್ನೆರಡು ತಿಂಗಳು. ಹೆಸರುಗಳದ್ದು ಇನ್ನೊಂದು ತೊಡಕು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ 'ಬಸಪ್ಪ ತಂದೆ ಹನುಮಪ್ಪ', 'ಹನುಮಪ್ಪ ತಂದೆ ಬಸಪ್ಪ' ಎಂದು ತಲೆಮಾರುಗಳು ಸರತಿಯಂತೆ ಬರುತ್ತವೆ. ಒಂದೇ ಊರಿನಲ್ಲಿ ಇಂಥ ಜೋಡಿ ನಾಲ್ಕಿದ್ದರೆ ಬಿಡಿಸಿ ಹೇಳುವುದು ಅಡ್ಡಹೆಸರು ಮತ್ತು ಸರ್ವೆ ನಂಬರು.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಆರಂಭವಾದದ್ದು 2024ರಲ್ಲಿ. ಜಮೀನಿಲ್ಲದವರ ಹೆಸರು ಈ ಸರಣಿಯಲ್ಲಿ ಇರುವುದೇ ಇಲ್ಲ. ಹೆಣ್ಣುಮಕ್ಕಳ ಹೆಸರು ತೀರ ಕಡಿಮೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂದು 1994ರಲ್ಲಿ ರಾಜ್ಯವೂ 2005ರಲ್ಲಿ ಕೇಂದ್ರವೂ ಕಾನೂನು ತಿದ್ದಿದವು. ಆಮೇಲೆ ನಾಡಕಚೇರಿ ಕೊಡುವ ವಂಶವೃಕ್ಷ ಪತ್ರದಲ್ಲಿ ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಡುವುದು ತಕರಾರಿಗೆ ದಾರಿಯಾಯಿತು.

ಶಾಲೆಯ ಪುಸ್ತಕ

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರಿಗೆ ಶಾಲೆಯ ದಾಖಲಾತಿ ಪುಸ್ತಕವೇ ಜನ್ಮದಾಖಲೆ. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಊರು, ಸೇರಿದ ಮತ್ತು ಬಿಟ್ಟ ದಿನ ಒಂದೇ ಸಾಲಿನಲ್ಲಿ ಇರುತ್ತವೆ. ಹುಟ್ಟಿದ ದಿನವನ್ನು ಮಾತ್ರ ಹಾಗೆಯೇ ನಂಬುವಂತಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿದ ಹುಡುಗನಿಗೆ ಶಾಲೆಯ ವಯಸ್ಸಾಯಿತೆಂದು ಮಾಸ್ತರರು ಲೆಕ್ಕಹಾಕಿ, ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅಣ್ಣತಮ್ಮಂದಿರೆಲ್ಲ ಒಂದೇ ತಾರೀಖಿನಂದು ಹುಟ್ಟಿದ ಮನೆಗಳು ಹಾಗೆ ಆದವು.

ಈ ಪುಸ್ತಕಗಳಿಗೆ ಹೊಸ ಬೇಡಿಕೆ ತಂದದ್ದು ಸಂವಿಧಾನದ 371(ಜೆ) ವಿಧಿ. 98ನೇ ತಿದ್ದುಪಡಿಯ ಮೂಲಕ ಸೇರಿದ ಈ ವಿಧಿಯಡಿ 2013ರಿಂದ ಹೈದರಾಬಾದ್ ಕರ್ನಾಟಕದ ಸ್ಥಳೀಯರಿಗೆ ಸೀಟು ಮತ್ತು ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು. ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಬೆಂಗಳೂರಿನಲ್ಲೋ ಪುಣೆಯಲ್ಲೋ ಹುಟ್ಟಿ ಬೆಳೆದ ಮಕ್ಕಳಿಗಾಗಿ ತಂದೆಯ ಹಳ್ಳಿಶಾಲೆಯ ಟಿಸಿ ಹುಡುಕುವುದು ಆಗ ಮನೆಮನೆಯ ಕೆಲಸವಾಯಿತು.

ಮುದಗಲ್ಲಿನ ಚರ್ಚು

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕ್ಯಾಥೊಲಿಕ್ ಸಮುದಾಯದ ಮೂಲವನ್ನು 16ನೇ ಶತಮಾನದಲ್ಲಿ ಗೋವಾ ಕಡೆಯಿಂದ ಬಂದ ಪಾದ್ರಿಗಳ ಕಾಲಕ್ಕೆ, ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಗೆ ಒಯ್ಯುವುದು ರೂಢಿ. ಈಗ ಇಲ್ಲಿನ ಚರ್ಚು ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ತಾಯಿಯ ಹೆಸರೂ ಜ್ಞಾನತಂದೆ, ಜ್ಞಾನತಾಯಿಯರ ಹೆಸರೂ ಇರುತ್ತವೆ. ಪಹಣಿಯಲ್ಲಿ ಕಾಣದ ಹೆಂಗಸರು ಇಲ್ಲಿ ಕಾಣಸಿಗುತ್ತಾರೆ.

ಕ್ಯಾಂಪುಗಳು

ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ನಾಲೆಯ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಸಿಂಧನೂರು ಸುತ್ತ ಜಮೀನು ಕೊಂಡು ಕ್ಯಾಂಪು ಎಂದು ಕರೆಯುವ ಹೊಸ ಊರುಗಳನ್ನು ಕಟ್ಟಿದರು. ಅವರ ಕಾಗದ ಇಲ್ಲಿ ಖರೀದಿ ಪತ್ರದಿಂದ ಶುರುವಾಗುತ್ತದೆ. ಅದರ ಹಿಂದಿನದಕ್ಕೆ ಗೋದಾವರಿ, ಕೃಷ್ಣಾ ಸೀಮೆಯ ಊರುಗಳಿಗೆ ಹೋಗಬೇಕು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳ ಹುಡುಕಾಟ ಗಡಿಯನ್ನೇ ದಾಟುತ್ತದೆ. 2024ರ ಮಾರ್ಚಿನಲ್ಲಿ ಪ್ರಕಟವಾದ ಪೌರತ್ವ ನಿಯಮಗಳು ಮೂಲದೇಶವನ್ನು ತೋರಿಸಲು ಒಪ್ಪುವ ಕಾಗದಗಳ ಪಟ್ಟಿಯಲ್ಲಿ ಅಲ್ಲಿನ ಶಾಲಾ ಪ್ರಮಾಣಪತ್ರ, ಜಮೀನು ಅಥವಾ ಗೇಣಿ ದಾಖಲೆ, ತಂದೆತಾಯಿ, ಅಜ್ಜಅಜ್ಜಿ ಇಲ್ಲವೇ ಮುತ್ತಜ್ಜ ಮುತ್ತಜ್ಜಿ ಆ ದೇಶದ ಪ್ರಜೆಯಾಗಿದ್ದರೆಂದು ತೋರಿಸುವ ಪತ್ರಗಳನ್ನು ಸೇರಿಸಿವೆ.