ಸರಾಸರಿ ವೇಗ: ಮಾನ್ಯಖೇಟದಿಂದ ಯಲಹಂಕದವರೆಗೆ

ಯಶವಂತಪುರದಿಂದ ಯಲಹಂಕಕ್ಕೆ 12 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಬೆಳಗಿನ ಜನಸಂದಣಿಯಲ್ಲಿ ಬಸ್ಸು ಗಂಟೆಗೆ 12 ಕಿಲೋಮೀಟರಿನಂತೆ ತೆವಳಿಕೊಂಡು ಹೋಯಿತು. ರಾತ್ರಿ ರಸ್ತೆ ತೆರವಾದ ಮೇಲೆ ಗಂಟೆಗೆ 36ರಂತೆ ಹಿಂದಿರುಗಿತು. ಹೋಗಿಬಂದ ಪ್ರಯಾಣದ ಸರಾಸರಿ ವೇಗವೆಷ್ಟು?

ಪ್ರವೇಶ ಪರೀಕ್ಷೆಗಳಿಗೂ ಉದ್ಯೋಗದ ಪರೀಕ್ಷೆಗಳಿಗೂ ಸಿದ್ಧರಾಗುವ ನಮ್ಮ ಹುಡುಗ ಹುಡುಗಿಯರಿಗೆ ಇದು ಚಿರಪರಿಚಿತವಾದ ಲೆಕ್ಕ. ಕೊಟ್ಟ ನಾಲ್ಕು ಉತ್ತರಗಳಲ್ಲಿ 24 ಎಂಬುದು ತಪ್ಪದೆ ಇರುತ್ತದೆ. 12ನ್ನೂ 36ನ್ನೂ ಕೂಡಿಸಿ ಅರ್ಧಮಾಡಿದವರು ಅದಕ್ಕೇ ಗುರುತು ಹಾಕುತ್ತಾರೆ. ಸರಿಯಾದ ಉತ್ತರ 18. ಹೋಗುವುದಕ್ಕೆ 60 ನಿಮಿಷ, ಬರುವುದಕ್ಕೆ 20 ನಿಮಿಷ. 80 ನಿಮಿಷದಲ್ಲಿ 24 ಕಿಲೋಮೀಟರು. ಗಂಟೆಗೆ 18 ಆಯಿತಲ್ಲವೆ?

ಈ ಬಗೆಯ ಲೆಕ್ಕ ಹೊರಗಿನಿಂದ ಬಂದ ಹೊಸ ಪರೀಕ್ಷೆಗಳ ಸೃಷ್ಟಿಯೆಂದು ಹಲವರು ತಿಳಿದಿದ್ದಾರೆ. ಆದರೆ ಅದರ ಬೇರು ನಮ್ಮ ನಾಡಿನ ನೆಲದಲ್ಲಿಯೇ ಬಹು ಆಳಕ್ಕೆ ಇಳಿದಿದೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗನು 9ನೆಯ ಶತಮಾನದಲ್ಲಿ ಆಳುತ್ತಿದ್ದಾಗ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಕನ್ನಡಕ್ಕೆ ‘ಕವಿರಾಜಮಾರ್ಗ’ವನ್ನು ಕೊಟ್ಟ ಆಸ್ಥಾನದ ಕಾಲವೇ ಗಣಿತಕ್ಕೆ ಈ ಗ್ರಂಥವನ್ನೂ ಕೊಟ್ಟಿತು. ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಅದರ ಕೀರ್ತಿ ಹೊರದೇಶಗಳಿಗೂ ಹಬ್ಬಿತು.

ಈ ಗ್ರಂಥದಲ್ಲಿ ನಡೆಯುವವರಿಗೂ ಹರಿಯುವವರಿಗೂ ಕೊರತೆಯಿಲ್ಲ. ಒಂದು ಕಪ್ಪು ಹಾವು ಬಿಲವನ್ನು ಹೊಗುತ್ತಿರುವಾಗಲೇ ಇತ್ತ ಅದರ ಬಾಲ ಬೆಳೆಯುತ್ತಿರುತ್ತದೆ. ಅದು ಪೂರ್ತಿ ಒಳಗೆ ಸೇರುವುದು ಯಾವಾಗ ಎಂದು ಆಚಾರ್ಯನು ಕೇಳುತ್ತಾನೆ. ಇನ್ನೊಂದೆಡೆ ಇಬ್ಬರು ಪಯಣಿಗರು ಒಂದೇ ಸ್ಥಳದಿಂದ, ಒಂದೇ ವೇಳೆಯಲ್ಲಿ, ಒಂದೇ ದಿಕ್ಕಿಗೆ ಹೊರಡುತ್ತಾರೆ. ಒಬ್ಬನ ನಡಿಗೆ ದಿನದಿನಕ್ಕೂ ಸಮನಾಗಿ ಏರುತ್ತದೆ. ಇನ್ನೊಬ್ಬನದು ಬದಲಾಗದ ಧ್ರುವಗತಿ. ಅವರು ಮತ್ತೆ ಕೂಡುವುದು ಎಂದು? ಧ್ರುವಗತಿಯಿಂದ ಮೊದಲ ದಿನದ ಗತಿಯನ್ನು ಕಳೆದು, ದಿನದ ಏರಿಕೆಯ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಿಸು ಎಂಬುದು ಅವನ ಸೂತ್ರ.

ಸಣ್ಣ ಅಂಕಿಗಳಿಂದ ಪರೀಕ್ಷಿಸಿ ನೋಡೋಣ. ಮೊದಲನೆಯವನು 3 ಯೋಜನದಿಂದ ಆರಂಭಿಸಿ ದಿನಕ್ಕೆ 2 ಯೋಜನ ಹೆಚ್ಚಿಸುತ್ತಾನೆ. ಎರಡನೆಯವನು ದಿನವೂ 7 ಯೋಜನ. 7ರಲ್ಲಿ 3 ಕಳೆದರೆ 4. ಏರಿಕೆಯ ಅರ್ಧವಾದ 1ರಿಂದ ಭಾಗಿಸಿದರೆ ಆ 4ೇ ಉಳಿಯುತ್ತದೆ. ಒಂದು ಕೂಡಿಸಿದರೆ 5 ದಿನ. ಒಬ್ಬನು 3, 5, 7, 9, 11 ಸೇರಿ 35 ಯೋಜನ ನಡೆದಿದ್ದಾನೆ. ಇನ್ನೊಬ್ಬನದೂ ಐದೇಳು 35. ಏರುಗತಿಯವನ ಸರಾಸರಿಯೂ ಧ್ರುವಗತಿಯೂ ಒಂದಾದ ದಿನವೇ ಅವರು ಕೂಡಿದ ದಿನ. ಇಲ್ಲಿ ಮೊದಲ ದಿನದ 3ನ್ನೂ ಕೊನೆಯ ದಿನದ 11ನ್ನೂ ಕೂಡಿಸಿ ಅರ್ಧಮಾಡಿದರೆ 7 ಬರುತ್ತದೆ, ಉತ್ತರ ತಪ್ಪುವುದಿಲ್ಲ. ಏಕೆಂದರೆ ಗತಿ ಸಮನಾಗಿ ಏರುತ್ತದೆ, ಪ್ರತಿಯೊಂದು ಗತಿಗೂ ಒಂದೊಂದೇ ದಿನದ ಪಾಲು. ನಮ್ಮ ಬಸ್ಸಿನಲ್ಲಿ ಹಾಗಲ್ಲ. ನಿಧಾನದ ಗತಿಗೆ 60 ನಿಮಿಷ, ಬಿರುಸಿನ ಗತಿಗೆ 20 ನಿಮಿಷ ಮಾತ್ರ.

1330ರ ದಶಕದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು, ಒಂದೇ ಸಮನೆ ಏರುವ ವೇಗದಲ್ಲಿ ಚಲಿಸುವ ವಸ್ತು ಅದರ ನಡುವೇಗದಲ್ಲಿ ಕ್ರಮಿಸುವಷ್ಟೇ ದೂರವನ್ನು ಕ್ರಮಿಸುತ್ತದೆಂದು ಕಂಡುಕೊಂಡರು. ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಬೀಳುವ ವಸ್ತುಗಳ ಚಲನೆಯನ್ನು ವಿವರಿಸಲು ಇದನ್ನೇ ಬಳಸಿದನು. ಎರಡೂ ಒಂದೇ ಎನ್ನಲಾಗದು. ಮಹಾವೀರನದು ದಿನದಿನದ ಏರಿಕೆ, ಅವರದು ಕ್ಷಣಕ್ಷಣದ ಏರಿಕೆ. ಆದರೂ ಇವು ಒಂದೇ ಕುಲದ ವಿಚಾರಗಳೆಂಬುದರಲ್ಲಿ ಸಂದೇಹವಿಲ್ಲ.

ಕಾಲದ ಪಾಲು ಸಮನಲ್ಲದಾಗ ಏನು ಮಾಡಬೇಕು? ಇದಕ್ಕೆ ಉತ್ತರ ಅಕ್ಕಸಾಲೆಯ ಅಂಗಡಿಯಲ್ಲಿದೆ. ಮಹಾವೀರಾಚಾರ್ಯನೂ, 1150ರಲ್ಲಿ ‘ಲೀಲಾವತಿ’ಯನ್ನು ಬರೆದ ಭಾಸ್ಕರಾಚಾರ್ಯನೂ ಬೇರೆ ಬೇರೆ ಬಣ್ಣದ ಚಿನ್ನವನ್ನು ಬೆರೆಸುವ ಲೆಕ್ಕವನ್ನು ಹೇಳಿದ್ದಾರೆ. 10 ಬಣ್ಣದ ಚಿನ್ನ 4 ತೊಲ, 14 ಬಣ್ಣದ್ದು 12 ತೊಲ ಕರಗಿಸಿದರೆ ಬರುವುದು 12 ಬಣ್ಣದ ಚಿನ್ನವಲ್ಲ. ಬಣ್ಣವನ್ನು ತೂಕದಿಂದ ಗುಣಿಸಿ ಕೂಡಿಸಿದರೆ 40ಕ್ಕೆ 168 ಸೇರಿ 208. ಒಟ್ಟು ತೂಕ 16ರಿಂದ ಭಾಗಿಸಿದರೆ 13. ಹೆಚ್ಚು ತೂಗುವುದು ತನ್ನ ಕಡೆಗೆ ಎಳೆಯುತ್ತದೆ. ಬ್ರಹ್ಮಗುಪ್ತನು 628ರಲ್ಲಿಯೇ ಏರುಪೇರಾದ ಹಳ್ಳದ ಸರಾಸರಿ ಆಳಕ್ಕೆ ಇದೇ ಜಾಡಿನ ನಿಯಮವನ್ನು ಕೊಟ್ಟಿದ್ದನು.

ವೇಗವೆಂಬ ಚಿನ್ನಕ್ಕೆ ಕಾಲವೇ ತೂಕ. ಇಷ್ಟು ಮನಸ್ಸಿಗೆ ಹತ್ತಿದರೆ ಮಿಕ್ಕುದೆಲ್ಲ ಸುಲಭ. ಪಾಠದ ತರಗತಿಗಳಲ್ಲಿ ಒಂದು ಅಡ್ಡದಾರಿಯನ್ನು ಹೇಳಿಕೊಡುವುದುಂಟು: ಎರಡು ವೇಗಗಳ ಗುಣಲಬ್ಧವನ್ನು ಇಮ್ಮಡಿಸಿ ಅವುಗಳ ಮೊತ್ತದಿಂದ ಭಾಗಿಸು. ಹೋಗುವ ದೂರ, ಬರುವ ದೂರ ಸಮನಾಗಿದ್ದರೆ ಅದು ಸರಿಯೇ. ಪ್ರಶ್ನೆ ಬರೆದವನು ‘ಒಂದು ಗಂಟೆ ಹೀಗೆ, ಒಂದು ಗಂಟೆ ಹಾಗೆ’ ಎಂದು ಮಾತು ಬದಲಾಯಿಸಿದನೋ, ಅಡ್ಡದಾರಿ ಹಳ್ಳಕ್ಕೆ ತಳ್ಳುತ್ತದೆ. ಓದುವ ಮಗುವಿನ ಒಂದು ವರ್ಷದ ಶ್ರಮ, ಒಂದು ಸೀಟು, ಇಂಥ ಒಂದು ಮಾತಿನ ಮೇಲೆ ನಿಲ್ಲಬಹುದು.

ದೊಡ್ಡವರೂ ಇಲ್ಲಿ ಎಡವುತ್ತಾರೆ. 1934ರಲ್ಲಿ ಮನಶ್ಶಾಸ್ತ್ರಜ್ಞ ವರ್ತ್‌ಹೈಮರ್ ಐನ್‌ಸ್ಟೈನರಿಗೆ ಒಂದು ಒಗಟನ್ನು ಬರೆದು ಕಳಿಸಿದರು. ಹಳೆಯ ಕಾರೊಂದು ಒಂದು ಮೈಲಿ ಗುಡ್ಡವನ್ನು ಗಂಟೆಗೆ 15 ಮೈಲಿಯಂತೆ ಏರುತ್ತದೆ. ಒಟ್ಟು ಸರಾಸರಿ 30 ಆಗಬೇಕಾದರೆ ಇಳಿಯುವ ಒಂದು ಮೈಲಿಯಲ್ಲಿ ಎಷ್ಟು ವೇಗ ಬೇಕು? ಎರಡು ಮೈಲಿಗೆ 30ರಂತೆ 4 ನಿಮಿಷ ಸಾಕು. ಆ 4 ನಿಮಿಷವೂ ಏರುವುದರಲ್ಲಿಯೇ ಮುಗಿದುಹೋಗಿದೆ! ಇಳಿಯಲು ಕಾಲವೇ ಉಳಿದಿಲ್ಲವೆಂಬುದು ಲೆಕ್ಕ ಹಾಕಿದ ಮೇಲಷ್ಟೇ ತಮಗೆ ತಿಳಿಯಿತೆಂದು ಐನ್‌ಸ್ಟೈನರು ಉತ್ತರ ಬರೆದರು.

ಆದ್ದರಿಂದ ಮನೆಯಲ್ಲಿ ಪರೀಕ್ಷೆಗೆ ಓದುವವರಿದ್ದರೆ ಅವರಿಗೆ ಸೂತ್ರವನ್ನು ಒಪ್ಪಿಸುವ ಮೊದಲು ಎರಡು ಪ್ರಶ್ನೆ ಕೇಳುವುದನ್ನು ಕಲಿಸಬೇಕು: ಒಟ್ಟು ದೂರವೆಷ್ಟು? ಒಟ್ಟು ಹೊತ್ತೆಷ್ಟು? ಆರ್.ಟಿ. ನಗರದಿಂದ ಯಲಹಂಕಕ್ಕೆ 12 ಕಿಲೋಮೀಟರೆಂದು ಇಟ್ಟುಕೊಂಡರೆ, ಬಸ್ಸು ಓಡಿದಷ್ಟು ಹೊತ್ತೂ 36ರಂತೆಯೇ ಓಡಿ, ನಡುವೆ ಹೆಬ್ಬಾಳದಲ್ಲಿ 20 ನಿಮಿಷ ಸುಮ್ಮನೆ ನಿಂತರೂ ಸರಾಸರಿ 18ಕ್ಕೆ ಇಳಿಯುತ್ತದೆ. ನಿಂತ ಹೊತ್ತಿಗೂ ತೂಕವುಂಟು.