ಲಿನಕ್ಸ್‌ಗೆ ಬಂದಾಗ ಹಳೆಯ ‘ನುಡಿ’ ಕಡತಗಳ ಗತಿ ಏನು?

ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೊಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ವಿಂಡೋಸ್ 11 ಅಳವಡಿಸಲಾಗದ ಹಳೆಯ ಗಣಕಯಂತ್ರಗಳಿಗೆ ಉಳಿದಿರುವ ಅಗ್ಗದ ದಾರಿ ಲಿನಕ್ಸ್. ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶದ ಉಬುಂಟು, ಮಿಂಟ್ ಆವೃತ್ತಿಗಳಿಗೆ ಪರವಾನಗಿ ಶುಲ್ಕವಿಲ್ಲ. ಆದರೆ ಕೊಳ್ಳೇಗಾಲ, ಹನೂರು, ಯಳಂದೂರಿನಂಥ ಊರುಗಳಲ್ಲಿ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳನ್ನು ಕನ್ನಡದಲ್ಲೇ ಸಿದ್ಧಪಡಿಸುವವರಿಗೆ ಮೊದಲು ಎದುರಾಗುವುದು ಅಕ್ಷರದ ತೊಡಕು.

ಹಳೆಯ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ‘ವೈರಸ್ ಬಂದಿದೆ’ ಎಂದು ಅಳಿಸಿಹಾಕುವವರೂ ಉಂಟು. ಆ ಅವಸರ ಬೇಡ, ಕಡತ ಕೆಟ್ಟಿರುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದಿದ್ದರೆ ಅಡಿಯಲ್ಲಿರುವ ಇಂಗ್ಲಿಷ್ ಬಯಲಾಗುತ್ತದೆ. ಯೂನಿಕೋಡ್‌ನಲ್ಲಾದರೋ ಕನ್ನಡಕ್ಕೆ ಅದರದೇ ಸಂಕೇತಗಳಿವೆ. ‘ಕೊಳ್ಳೇಗಾಲ’ ಎಂಬ ಪದ ಅಲ್ಲಿ 9 ಸಂಕೇತಗಳ ಸಾಲು. ಅದನ್ನು ಯಾವ ಕನ್ನಡ ಯೂನಿಕೋಡ್ ಫಾಂಟಿನಲ್ಲಾದರೂ ಓದಬಹುದು.

ಹಳೆಯ ಫಾಂಟನ್ನು ಲಿನಕ್ಸ್‌ನಲ್ಲಿ ಅಳವಡಿಸಿದರೆ ಓದಲು, ಮುದ್ರಿಸಲು ಸಾಕು. ಹುಡುಕಲು ಸಾಲದು. ಹನೂರು ಪ್ರತ್ಯೇಕ ತಾಲ್ಲೂಕಾದ ಬಳಿಕ ಹಳೆಯ ನಮೂನೆಗಳಲ್ಲಿರುವ ‘ಕೊಳ್ಳೇಗಾಲ ತಾಲ್ಲೂಕು’ ಎಂಬುದನ್ನು ತಿದ್ದಬೇಕಾದವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಯೂನಿಕೋಡ್‌ನಲ್ಲಿ ಟೈಪಿಸಿ ಹುಡುಕಿದರೆ ಹಳೆಯ ಕಡತದಲ್ಲಿ ಒಂದೂ ಸಿಗದು. ಅದಕ್ಕೆ ಪರಿವರ್ತಕ ಬೇಕು. ಅರವಿಂದ ವಿ.ಕೆ. ಅವರು ರೂಪಿಸಿದ ಮುಕ್ತ ಪರಿವರ್ತಕ ಉಚಿತವಾಗಿ ಲಭ್ಯವಿದೆ. ‘ಗುಬ್ಬಿ’ ಫಾಂಟು ಸಹ ಇವರದೇ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತನೆಯಲ್ಲಿ ಅವೂ ಕನ್ನಡ ಅಕ್ಷರಗಳಾಗಿ ಕಲಸಿಹೋಗಬಹುದು. ಜಮೀನಿನ ಪತ್ರವಾದರೆ ಸರ್ವೆ ನಂಬರು, ಚಕ್ಕುಬಂದಿ, ಹೆಸರುಗಳನ್ನು ಮುದ್ರಿತ ಪ್ರತಿಯೊಡನೆ ಹೋಲಿಸಿ ನೋಡಲೇಬೇಕು. ಮೂಲ ಕಡತವನ್ನು ಬೇರೆಡೆ ಉಳಿಸಿಕೊಳ್ಳುವುದು ಕ್ಷೇಮ.

ಟೈಪಿಸುವ ಅಭ್ಯಾಸ ಬದಲಿಸಬೇಕಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ ಲಿನಕ್ಸ್‌ನಲ್ಲಿ ‘ಕಗಪ’ ಹೆಸರಿನಲ್ಲಿದೆ. ಒತ್ತಕ್ಷರಕ್ಕೆ ಅದೇ ‘ಎಫ್’ ಕೀಲಿ.

ಡಿಟಿಪಿ ಅಂಗಡಿಯವರ ಕಷ್ಟ ಬೇರೆ. ಪೇಜ್‌ಮೇಕರ್ ಲಿನಕ್ಸ್‌ನಲ್ಲಿ ನೇರವಾಗಿ ನಡೆಯದು. ಮುಕ್ತ ತಂತ್ರಾಂಶ ಸ್ಕ್ರೈಬಸ್ ಅದಕ್ಕೆ ಪರ್ಯಾಯವಾದರೂ ಕನ್ನಡದ ಒತ್ತಕ್ಷರಗಳು ಅದರಲ್ಲಿ ಸರಿಯಾಗಿ ಮೂಡಲು 1.6 ಅಥವಾ ನಂತರದ ಆವೃತ್ತಿಯೇ ಬೇಕು. ಹಳೆಯ ಪುಟಗಳು ಪೂರ್ತಿ ಬದಲಾಗುವವರೆಗೆ ಹಳೆಯ ಯಂತ್ರವೊಂದನ್ನು ಅಂತರಜಾಲದ ಸಂಪರ್ಕ ತಪ್ಪಿಸಿ ಇಟ್ಟುಕೊಳ್ಳಬೇಕಾಗುತ್ತದೆ.