ಫರಂಗಿ ಮಹಲ್: ಪರದೇಶಿ ವರ್ತಕನ ಮನೆ ಪಾಠಶಾಲೆಯಾದ ಬಗೆ

ನಮ್ಮ ಅನೇಕ ಮದ್ರಸಗಳಲ್ಲಿ ಇಂದಿಗೂ ಬೋಧಿಸಲಾಗುವ ಪಾಠಕ್ರಮಕ್ಕೆ ‘ದರ್ಸೆ ನಿಝಾಮಿ’ ಎಂದು ಹೆಸರು. ಇದನ್ನು 11ನೇ ಶತಮಾನದ ಬಗ್ದಾದಿನ ನಿಝಾಮಿಯ್ಯಾ ಮದ್ರಸಕ್ಕೆ ಜೋಡಿಸುವವರುಂಟು. ಹೈದರಾಬಾದಿನ ನಿಝಾಮರಿಗೆ ಅಂಟಿಸುವವರೂ ಇದ್ದಾರೆ. ಎರಡೂ ಸರಿಯಲ್ಲ. ಅದು ರೂಪುಗೊಂಡದ್ದು ಲಕ್ನೋ ನಗರದ ಒಂದು ಹಳೆಯ ಮನೆಯಲ್ಲಿ. ಹಿಂದೆ ಅದು ಯುರೋಪಿನ ವರ್ತಕನೊಬ್ಬನದಾಗಿದ್ದುದರಿಂದ ಜನರು ಫರಂಗಿ ಮಹಲ್ ಎಂದು ಕರೆಯುತ್ತಿದ್ದರು.

ಆ ಮನೆ ವಿದ್ವಾಂಸರ ಪಾಲಿಗೆ ಬಂದುದರ ಹಿಂದೆ ಒಂದು ದುರಂತವಿದೆ. 1692ರಲ್ಲಿ, ಲಕ್ನೋಗೆ ದೂರವಲ್ಲದ ಸಿಹಾಲಿ ಎಂಬ ಊರಿನಲ್ಲಿ, ಮುಲ್ಲಾ ಕುತ್ಬುದ್ದೀನ್ (ರ) ಜಮೀನಿನ ವೈಷಮ್ಯಕ್ಕೆ ಬಲಿಯಾಗಿ ಶಹೀದರಾದರು. ಅವರ ಗ್ರಂಥಭಂಡಾರವೂ ಬೆಂಕಿಗೆ ಆಹುತಿಯಾಯಿತು. ದಖ್ಖನಿನ ಯುದ್ಧಗಳಲ್ಲಿ ಮಗ್ನನಾಗಿದ್ದ ಬಾದಶಹ ಔರಂಗಝೇಬನಿಗೆ ಈ ದೂರು ತಲುಪಿದಾಗ, ನೆಲೆ ಕಳೆದುಕೊಂಡ ನಾಲ್ವರು ಪುತ್ರರಿಗೆ ಆ ಮಹಲನ್ನು ನೀಡುವಂತೆ ಫರ್ಮಾನು ಹೊರಟಿತು. ಮೂರನೆಯ ಪುತ್ರ ನಿಝಾಮುದ್ದೀನರಿಗೆ ತಂದೆಯನ್ನು ಕಳೆದುಕೊಂಡಾಗ ಸುಮಾರು 15 ವರ್ಷ. ಪುಸ್ತಕಗಳು ಬೂದಿಯಾದ ಮನೆಯ ಹುಡುಗನೇ ಮುಂದೆ ಯಾವ ಪುಸ್ತಕಗಳನ್ನು ಓದಬೇಕೆಂಬುದನ್ನು ಇಡೀ ಹಿಂದುಸ್ತಾನಕ್ಕೆ ಗೊತ್ತುಪಡಿಸಿದರು!

1748ರಲ್ಲಿ ನಿಧನರಾಗುವವರೆಗೆ ಅವರು ಬೋಧಿಸಿದ ಕ್ರಮದಲ್ಲಿ ವ್ಯಾಕರಣ, ಫಿಕ್ಹ್‌ಗಳೊಂದಿಗೆ ತರ್ಕಶಾಸ್ತ್ರಕ್ಕೂ ತತ್ವಶಾಸ್ತ್ರಕ್ಕೂ ದೊಡ್ಡ ಸ್ಥಾನವಿತ್ತು. ಪ್ರತಿ ವಿಷಯದಲ್ಲೂ ಕೆಲವೇ, ಆದರೆ ಅತ್ಯಂತ ಕ್ಲಿಷ್ಟವಾದ ಕೃತಿಗಳನ್ನು ಅವರು ಆರಿಸಿದರು. ಅವುಗಳನ್ನು ಬಿಡಿಸಬಲ್ಲವನು ಉಳಿದವನ್ನು ತಾನಾಗಿಯೇ ಓದಿಕೊಳ್ಳಬಲ್ಲನೆಂಬುದು ಇದರ ಮರ್ಮ. ಚುರುಕಾದ ವಿದ್ಯಾರ್ಥಿ 16-17ನೇ ವಯಸ್ಸಿಗೇ ವ್ಯಾಸಂಗ ಮುಗಿಸುತ್ತಿದ್ದನು. ಇಂದು ಅದೇ ಪುಸ್ತಕಗಳನ್ನು ಕಂಠಪಾಠ ಮಾಡಿಸಿ ತೃಪ್ತರಾಗುವ ನಾವು ಆ ಮರ್ಮವನ್ನು ಎಷ್ಟು ಉಳಿಸಿಕೊಂಡಿದ್ದೇವೆ?

ಫರಂಗಿ ಮಹಲ್ ಬಹುಕಾಲ ಇಂದಿನ ಅರ್ಥದ ಸಂಸ್ಥೆಯೇ ಆಗಿರಲಿಲ್ಲ. ಕುಟುಂಬದ ಹಿರಿಯರು ತಮ್ಮ ತಮ್ಮ ಮನೆಗಳಲ್ಲೇ ಪಾಠ ಹೇಳುತ್ತಿದ್ದರು. ವಿದ್ಯಾರ್ಥಿಗಳು ಬರುತ್ತಿದ್ದುದು ಗುರುವನ್ನು ಅರಸಿ, ಕಟ್ಟಡವನ್ನಲ್ಲ. ವ್ಯವಸ್ಥಿತ ಮದ್ರಸವೊಂದು ಅಲ್ಲಿ ಸ್ಥಾಪನೆಯಾದದ್ದು 1905ರಲ್ಲಿ, ಮೌಲಾನಾ ಅಬ್ದುಲ್ ಬಾರಿಯವರಿಂದ. ಖಿಲಾಫತ್ ಚಳವಳಿಯ ಕಾಲದಲ್ಲಿ ಗಾಂಧೀಜಿಯವರು ಅವರ ಅತಿಥಿಯಾಗಿ ಇದೇ ಮಹಲಿನಲ್ಲಿ ತಂಗಿದ್ದರು.

ದಕ್ಷಿಣದವರಾದ ನಮಗೂ ಈ ಮನೆ ಪರಕೀಯವಲ್ಲ. ನಿಝಾಮುದ್ದೀನರ ಪುತ್ರ, ‘ಬಹ್ರುಲ್ ಉಲೂಮ್’ ಎಂದು ಖ್ಯಾತರಾದ ಮುಲ್ಲಾ ಅಬ್ದುಲ್ ಅಲಿ (ರ) ಲಕ್ನೋ ತೊರೆದು, ರಾಂಪುರ, ಬಂಗಾಳಗಳಲ್ಲಿ ಬೋಧಿಸಿ, ಕೊನೆಗೆ ಆರ್ಕಾಟಿನ ನವಾಬ ವಾಲಾಜಾಹರ ಆಶ್ರಯದಲ್ಲಿ ಮದ್ರಾಸಿಗೆ ಬಂದರು. ತಂದೆಯ ಪಾಠಕ್ರಮವನ್ನು ಅಲ್ಲಿ ಬೇರೂರಿಸಿ 1810ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಅವರ ಕಬರ್ ವಾಲಾಜಾಹ್ ಮಸೀದಿಯ ಆವರಣದಲ್ಲಿದೆ.